ಸಮುದಾಯ ಆಧಾರಿತ ಅಪರಾಧ ತಡೆ ಅನುದಾನ: ಹಾಗೆಂದರೇನು?

ಅಪರಾಧದಿಂದ ಬಳಲಿದ ಒಂದು ನಿರ್ದಿಷ್ಟ ಬಡಾವಣೆಯನ್ನು ಆರಿಸಿಕೊಂಡು, ಅಲ್ಲಿನ ನಿವಾಸಿಗಳು, ಸಂಘಸಂಸ್ಥೆಗಳು, ನಗರಾಡಳಿತ ಮತ್ತು ಪೊಲೀಸರು ಕೂಡಿ ಮಾಡುವ ಕೆಲಸಕ್ಕೆ ಸರ್ಕಾರ ಕೊಡುವ ಹಣವೇ ಈ ಅನುದಾನ. ಇದು ಸಾಲವಲ್ಲ, ತೀರಿಸಬೇಕಿಲ್ಲ. ಆದರೆ ಅರ್ಜಿ ಹಾಕಿ ಪೈಪೋಟಿಯಲ್ಲಿ ಗೆಲ್ಲಬೇಕು, ಖರ್ಚಿನ ಲೆಕ್ಕ ಒಪ್ಪಿಸಬೇಕು.

ಇದರ ಹೆಸರಾಂತ ಮಾದರಿ ಇರುವುದು ಅಮೆರಿಕದಲ್ಲಿ. ಅಲ್ಲಿನ ನ್ಯಾಯ ಇಲಾಖೆ 2012ರಲ್ಲಿ ‘ಬರ್ನ್ ಕ್ರಿಮಿನಲ್ ಜಸ್ಟಿಸ್ ಇನ್ನೋವೇಷನ್’ ಕಾರ್ಯಕ್ರಮ ಶುರುಮಾಡಿತು. ಕೆಲವು ವರ್ಷ ಅದು ‘ಕಮ್ಯುನಿಟಿ ಬೇಸ್ಡ್ ಕ್ರೈಮ್ ರಿಡಕ್ಷನ್’ ಎಂಬ ಹೆಸರಲ್ಲೂ ನಡೆಯಿತು. ಬರ್ನ್ ಎಂದರೆ ಎಡ್ವರ್ಡ್ ಬರ್ನ್, ನ್ಯೂಯಾರ್ಕಿನ 22 ವರ್ಷದ ಪೊಲೀಸ್. ಮಾದಕವಸ್ತು ದಂಧೆಯ ವಿರುದ್ಧ ದೂರು ಕೊಟ್ಟಿದ್ದ ನಿವಾಸಿಯೊಬ್ಬರ ಮನೆಗೆ ಕಾವಲಿದ್ದಾಗ, 1988ರ ಫೆಬ್ರವರಿಯಲ್ಲಿ ದಂಧೆಯವರು ಬರ್ನ್ ಅವರನ್ನು ಗುಂಡಿಟ್ಟು ಕೊಂದರು. ದೂರು ಕೊಡಲು ಮುಂದೆ ಬಂದ ಒಬ್ಬ ನಿವಾಸಿ, ಅವರ ಬೆನ್ನಿಗೆ ನಿಂತ ಒಬ್ಬ ಪೊಲೀಸ್: ಈ ಕಾರ್ಯಕ್ರಮಕ್ಕೆ ಇದಕ್ಕಿಂತ ಒಪ್ಪುವ ಹೆಸರು ನನಗೆ ತೋಚದು.

ಇಡೀ ಊರನ್ನು ಬಿಟ್ಟು ಒಂದೇ ಬಡಾವಣೆ ಏಕೆ? ಅಪರಾಧ ಊರ ತುಂಬ ಸಮನಾಗಿ ಹರಡಿರುವುದಿಲ್ಲ. ಮಿನಿಯಾಪೊಲಿಸ್ ನಗರದ ಬಗ್ಗೆ 1989ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಕೇವಲ ಶೇ 3ರಷ್ಟು ವಿಳಾಸಗಳಿಂದ ಬಂದಿದ್ದವು. ಇಂಥ ಜಾಗಗಳಿಗೆ ‘ಹಾಟ್ ಸ್ಪಾಟ್’ ಎನ್ನುತ್ತಾರೆ.

ಹಾಗೆಂದು ಹಣ ಬಂದ ಮರುದಿನವೇ ಕೆಲಸ ಶುರುವಾಗುವುದಿಲ್ಲ. ಮೊದಲ ಘಟ್ಟ ಯೋಜನೆಯದು. ಸಂಶೋಧಕರೊಬ್ಬರು ತಂಡದಲ್ಲಿ ಇರಲೇಬೇಕು. ಅವರು ಅಂಕಿಅಂಶ ತಂದಿಡುತ್ತಾರೆ. ಯಾವ ತಿರುವಿನಲ್ಲಿ ಕತ್ತಲಾದ ಮೇಲೆ ಓಡಾಡಲು ಭಯ, ಯಾವ ಪಾಳುಮನೆಯಲ್ಲಿ ದಂಧೆ ನಡೆಯುತ್ತದೆ ಎಂಬುದನ್ನು ನಿವಾಸಿಗಳು ಹೇಳುತ್ತಾರೆ. ಈ ಕೇಳಿಸಿಕೊಳ್ಳುವ ಕೆಲಸಕ್ಕೂ ಸರ್ಕಾರ ಹಣ ಕೊಡುತ್ತದೆ ಎಂಬುದೇ ಇದರ ದೊಡ್ಡ ಗುಣ. ಆಮೇಲೆ ಬೀದಿದೀಪ, ಯುವಕರಿಗೆ ಉದ್ಯೋಗ ತರಬೇತಿ, ಗಸ್ತು, ಪಾಳು ಜಾಗದ ಸುಧಾರಣೆ, ಹೀಗೆ ಆ ಬಡಾವಣೆಗೆ ಬೇಕಾದದ್ದು ನಡೆಯುತ್ತದೆ.

ಪಾಳು ಜಾಗ ಸರಿಪಡಿಸಿದರೆ ಅಪರಾಧ ತಗ್ಗುತ್ತದೆಯೇ ಎಂಬ ಅನುಮಾನ ಸಹಜ. ಫಿಲಡೆಲ್ಫಿಯಾದಲ್ಲಿ 541 ಖಾಲಿ ನಿವೇಶನಗಳನ್ನು ತೆಗೆದುಕೊಂಡು ಪ್ರಯೋಗ ಮಾಡಿದರು (ಅದು ಈ ಅನುದಾನದ ಕೆಲಸವಲ್ಲ, ಪ್ರತ್ಯೇಕ ಸಂಶೋಧನೆ). ಅವುಗಳಲ್ಲಿ ಒಂದಷ್ಟು ಕಡೆ ಕಸ ತೆಗೆದು, ಹುಲ್ಲು ಬೆಳೆಸಿ, ಕೆಲವು ಮರ ನೆಟ್ಟು, ತಗ್ಗಿನ ಮರದ ಬೇಲಿ ಹಾಕಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕಡುಬಡವರ ಬಡಾವಣೆಗಳಲ್ಲಿ ಬಂದೂಕಿನ ಹಿಂಸೆ ಶೇ 29ರಷ್ಟು ಇಳಿದಿತ್ತು.

ಇಂಥ ಅನುದಾನಗಳ ದೌರ್ಬಲ್ಯವೆಂದರೆ ಅವಧಿ. ಕೆಲವೇ ವರ್ಷಗಳಲ್ಲಿ ಹಣ ಮುಗಿಯುತ್ತದೆ. ನೆರೆಹೊರೆಯ ನಂಬಿಕೆ ಬೆಳೆಯಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಕೆಲವೊಮ್ಮೆ ಆ ಅವಧಿಯೂ ಸಿಗುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ನೂರಾರು ಅನುದಾನಗಳನ್ನು ನಡುವೆಯೇ ರದ್ದುಮಾಡಿತು. ಹಿಂಸೆ ತಡೆಯಲು ಸಮುದಾಯದ ನಡುವೆ ದುಡಿಯುತ್ತಿದ್ದ ಸಂಸ್ಥೆಗಳೂ ಅದರಲ್ಲಿ ಸಿಕ್ಕಿಕೊಂಡವು.