ಬಾಡಿಗೆ, ಶುಲ್ಕ, ದಂಡ: ಹಣ ಕೊಡುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಹೆಸರು?

ಕಚೇರಿಯ ಪತ್ರಗಳು, ಕರಾರುಗಳು ಮತ್ತು ಅರ್ಜಿಗಳ ಇಂಗ್ಲಿಷನ್ನು ತಿದ್ದುವ ನನ್ನ ವೃತ್ತಿಯಲ್ಲಿ, ವ್ಯಾಕರಣದ ತಪ್ಪುಗಳಿಗಿಂತ ಹೆಚ್ಚಾಗಿ ಕಾಡುವುದು ಒಂದೇ ಅರ್ಥದವೆಂದು ತೋರುವ ನಾಮಪದಗಳು. ವ್ಯಾಕರಣ ತಪ್ಪಿದರೆ ಓದುವವರು ಸರಿಪಡಿಸಿಕೊಂಡು ಓದುತ್ತಾರೆ. ಪೆನಾಲ್ಟಿ ಎನ್ನಬೇಕಾದಲ್ಲಿ ಫೀ ಎಂದು ಬರೆದರೆ ಕರಾರೇ ಬೇರೆಯಾಗಿಬಿಡುತ್ತದೆ. ಇಂಥ ಪದಗಳಲ್ಲಿ ಯಾವುದನ್ನು ಆರಿಸಬೇಕೆಂಬುದು ಹಣವನ್ನು ಯಾರು, ಯಾರಿಗೆ, ಯಾತಕ್ಕಾಗಿ ಕೊಡುತ್ತಾರೆ ಎಂಬುದನ್ನು ಅವಲಂಬಿಸಿದೆ.

ಕನ್ನಡದಲ್ಲಿ ಮನೆಗೂ ಬಾಡಿಗೆ, ಆಟೊಗೂ ಬಾಡಿಗೆ, ಮದುವೆಗೆ ತಂದ ಶಾಮಿಯಾನಕ್ಕೂ ಬಾಡಿಗೆ, ಲಾರಿಯಲ್ಲಿ ಕಳಿಸಿದ ಅಡಿಕೆ ಮೂಟೆಗೂ ಬಾಡಿಗೆ. ಇಂಗ್ಲಿಷಿನಲ್ಲಿ ಮನೆಯದು ರೆಂಟ್, ಪ್ರಯಾಣಿಕರು ಕೊಡುವುದು ಫೇರ್, ಸರಕು ಸಾಗಣೆಯದು ಫ್ರೈಟ್. ಶಾಮಿಯಾನದಂತೆ ಅಲ್ಪಕಾಲಕ್ಕೆ ತರುವ ವಸ್ತುವಿಗೆ ಬ್ರಿಟಿಷರು ಹೈರ್ ಎನ್ನುತ್ತಾರೆ. ಅಮೆರಿಕನ್ನರಿಗೆ ಅದೂ ರೆಂಟ್. ಟ್ಯಾಕ್ಸಿಯ ಮೀಟರಿನ ಮೇಲೆ ‘ಫಾರ್ ಹೈರ್’ ಎಂದಿದ್ದರೂ ಇಳಿಯುವಾಗ ಕೊಡುವುದು ಫೇರ್ ಏಕೆಂದರೆ, ಹೈರ್ ವಾಹನಕ್ಕೆ ಸಂಬಂಧಿಸಿದ್ದು, ಫೇರ್ ಪ್ರಯಾಣಕ್ಕೆ ಸಂಬಂಧಿಸಿದ್ದು. ಫೇರ್‌ವೆಲ್ ಎಂಬಲ್ಲಿಯೂ ಇರುವುದು ಪ್ರಯಾಣ ಮಾಡು ಎಂಬರ್ಥದ ಅದೇ ಹಳೆಯ ಇಂಗ್ಲಿಷ್ ಧಾತು.

ಹೆಚ್ಚಿನ ತೊಡಕು ಇರುವುದು ಶುಲ್ಕದಲ್ಲಿ. ನಿವೇಶನ ಕೊಂಡವರು ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಮುದ್ರಾಂಕ ಶುಲ್ಕವನ್ನೂ ನೋಂದಣಿ ಶುಲ್ಕವನ್ನೂ ಒಟ್ಟಿಗೆ ಕಟ್ಟುತ್ತಾರೆ. ಕನ್ನಡದಲ್ಲಿ ಎರಡೂ ಶುಲ್ಕವೇ ಆದರೂ ಇಂಗ್ಲಿಷಿನಲ್ಲಿ ಮೊದಲನೆಯದು ಡ್ಯೂಟಿ, ಎರಡನೆಯದು ಫೀ. ಡ್ಯೂಟಿ ತೆರಿಗೆಯ ಜಾತಿಗೆ ಸೇರಿದ್ದು. ಫೀ ಎಂಬುದು ಪಡೆದ ನಿರ್ದಿಷ್ಟ ಸೇವೆಗೆ ಕೊಡುವ ಹಣ. ಇದು ಬರಿಯ ನಿಘಂಟಿನ ಸೂಕ್ಷ್ಮವಲ್ಲ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಮಾನಿಸಬೇಕಾಗಿ ಬಂದ ಪ್ರಶ್ನೆಗಳಲ್ಲಿ ಇದೂ ಒಂದಾಗಿತ್ತು. ಧಾರ್ಮಿಕ ಸಂಸ್ಥೆಗಳ ಆದಾಯದಲ್ಲಿ ಶೇ 5ರವರೆಗೆ ವಸೂಲು ಮಾಡಲು ಮದ್ರಾಸ್ ಸರ್ಕಾರದ 1951ರ ಕಾಯ್ದೆ ಅವಕಾಶ ಕೊಟ್ಟಿತ್ತು. ಆ ವಂತಿಗೆ ಫೀ ಅಲ್ಲ, ಟ್ಯಾಕ್ಸ್ ಎಂದು ನ್ಯಾಯಾಲಯ ಹೇಳಿತು, ಮತ್ತು ಅಂಥ ಟ್ಯಾಕ್ಸ್ ಹಾಕುವ ಅಧಿಕಾರ ರಾಜ್ಯದ ಶಾಸನಸಭೆಗೆ ಇರಲಿಲ್ಲವಾದ್ದರಿಂದ ಆ ಸೆಕ್ಷನ್ ಬಿದ್ದುಹೋಯಿತು. ನಂತರದ ತೀರ್ಪುಗಳು ಎರಡರ ನಡುವಿನ ಗೆರೆಯನ್ನು ಸಡಿಲಿಸಿವೆಯಾದರೂ ಅಳಿಸಿಲ್ಲ. ಇನ್ನು ವಕೀಲರಿಗೂ ವೈದ್ಯರಿಗೂ ಸಲ್ಲುವುದು ಫೀ, ಬ್ಯಾಂಕು ಅಥವಾ ಕೊರಿಯರ್‌ನವರು ಹಾಕುವುದು ಚಾರ್ಜ್, ಹೆದ್ದಾರಿಯಲ್ಲಿ ಕಟ್ಟುವುದು ಟೋಲ್. ಇವುಗಳಲ್ಲಿ ಬಳಕೆಯೇ ಪ್ರಮಾಣ, ತರ್ಕ ಹುಡುಕಿ ಫಲವಿಲ್ಲ.

ದಂಡಕ್ಕೆ ಬಂದರೆ, ಫೈನ್ ಎಂಬುದು ಮೂಲತಃ ಅಪರಾಧಕ್ಕೆ ವಿಧಿಸುವ ಶಿಕ್ಷೆ; ಭಾರತೀಯ ನ್ಯಾಯ ಸಂಹಿತೆಯ ಶಿಕ್ಷೆಗಳ ಪಟ್ಟಿಯಲ್ಲಿ ಸೆರೆವಾಸದ ಜೊತೆಗೆ ಅದೂ ಇದೆ. ಗ್ರಂಥಾಲಯದ ಫೈನ್ ಸಲುಗೆಯ ಮಾತು. ಪೆನಾಲ್ಟಿ ಅದಕ್ಕಿಂತ ವಿಶಾಲವಾದದ್ದು, ನಿಯಮ ಮೀರಿದ್ದಕ್ಕೆ ಅಧಿಕಾರಿಯೂ ವಿಧಿಸಬಹುದಾದದ್ದು. ಆದಾಯ ತೆರಿಗೆ ವಿವರವನ್ನು ತಡವಾಗಿ ಸಲ್ಲಿಸಿದವರೆಲ್ಲ ದಂಡ ಕಟ್ಟಿದೆವೆಂದು ಗೊಣಗಿದರೂ, 1961ರ ಕಾಯ್ದೆಯ ಸೆಕ್ಷನ್ 234ಎಫ್ ಬಳಸಿದ್ದ ಪದ ಫೀ. ತಡಮಾಡಿದವರನ್ನು ಅದು ತಪ್ಪಿತಸ್ಥರೆಂದು ಕರೆಯಲಿಲ್ಲ.

ಖಾಸಗಿ ಕರಾರಿನಲ್ಲಿ ಫೈನ್ ಎಂದು ಬರೆಯುವುದಂತೂ ಸಲ್ಲದು, ಏಕೆಂದರೆ ಕಟ್ಟಡ ಮಾಲೀಕರು ಗುತ್ತಿಗೆದಾರರಿಗೆ ಶಿಕ್ಷೆ ವಿಧಿಸಲಾರರು. ಕೆಲಸ ತಡವಾದರೆ ದಿನಕ್ಕೆ ಇಷ್ಟೆಂದು ಮೊದಲೇ ಗೊತ್ತುಮಾಡಿಕೊಂಡ ನಷ್ಟದ ಮೊತ್ತವು ಲಿಕ್ವಿಡೇಟೆಡ್ ಡ್ಯಾಮೇಜಸ್. ಭಾರತದ 1872ರ ಕರಾರು ಕಾಯ್ದೆಯ ಸೆಕ್ಷನ್ 74ರಂತೆ, ಆ ಮೊತ್ತಕ್ಕೆ ಪೆನಾಲ್ಟಿ ಎಂದು ಹೆಸರಿಟ್ಟಿದ್ದರೂ ಅದರ ಮಿತಿಯೊಳಗೆ ಸಮಂಜಸವಾದ ಪರಿಹಾರ ಸಿಗಬಹುದು. ಇಂಗ್ಲೆಂಡಿನ ಕಾನೂನಿನಲ್ಲಿ ಪೆನಾಲ್ಟಿಯೆಂದು ತೀರ್ಮಾನವಾದ ಷರತ್ತು ಜಾರಿಯಾಗುವುದೇ ಇಲ್ಲ. ಅಲ್ಲಿನ ನ್ಯಾಯಾಲಯಗಳು ಹೆಸರಿಗಿಂತ ಷರತ್ತಿನ ಸ್ವರೂಪವನ್ನೇ ನೋಡುತ್ತವೆ, ನಿಜ. ಆದರೂ ಬ್ರಿಟಿಷ್ ಕಂಪನಿಯೊಂದಿಗೆ ವ್ಯವಹರಿಸುವವರ ಕರಡಿನಲ್ಲಿ ಆ ಪದ ಕಂಡರೆ ನಾನು ಅದನ್ನೇ ಮೊದಲು ಗುರುತುಹಾಕಿ, ವಕೀಲರಿಗೊಮ್ಮೆ ತೋರಿಸಿರೆಂದು ಅಂಚಿನಲ್ಲಿ ಬರೆಯುತ್ತೇನೆ.