ಗಾರೆಯವರು ಇದ್ದಾರೆ, ಗಾರೆ ಎಲ್ಲಿ?

“ಮೇಡಂ, ಗೋಡೆಗೆಲ್ಲಾ ಸಿಮೆಂಟ್ ಪ್ಲಾಸ್ಟರ್ ಮಾಡ್ಸಿ, ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದೀವಿ. ಈಗ ಕಲ್ಲುಗುಂಡು!”

ಹಳೇ ಗಿರಣಿ, ಗೋಡೌನು ಉಳಿಸಿಕೊಡಿ ಎಂದು ಕರೆಯುವವರಲ್ಲಿ ಎಷ್ಟೋ ಜನ ಹೆಮ್ಮೆಯಿಂದ ಶುರು ಮಾಡುವುದೇ ಈ ಮಾತಿನಿಂದ. ಅಷ್ಟು ಹೊತ್ತಿಗೆ ನಾನು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತೇನೆ. ಅಲ್ಲೇ ಗೊತ್ತಾಗುತ್ತದೆ, ಬಂದ ಹಣವೆಲ್ಲ ಮಾಡಿದ್ದನ್ನು ಕೀಳಿಸುವುದಕ್ಕೇ ಹೋಗುತ್ತದೆ ಎಂದು.

ಬೆಂಗಳೂರಿನೊಳಗೆ ದೊಡ್ಡ ನದಿ ಇಲ್ಲ. ನಮ್ಮ ನೀರಿನ ದಂಡೆ ಅಂದರೆ ಕೆರೆ ಏರಿ. ಬಾಯ್ಲರಿಗೆ, ತೊಳೆಯುವುದಕ್ಕೆ, ಬಣ್ಣ ಹಾಕುವುದಕ್ಕೆ ನೀರು ಬೇಕು, ಹಾಗಾಗಿ ಗಿರಣಿಗಳು ತಗ್ಗು ಹುಡುಕಿಕೊಂಡು ಹೋದವು. ನೀರೇ ಕಸುಬಾಗಿದ್ದ ಕಟ್ಟಡಗಳೂ ಇದ್ದವು. 1894ರ ಹೆಸರಘಟ್ಟ ಯೋಜನೆಯಲ್ಲಿ ಅರ್ಕಾವತಿಯ ನೀರು ಇಟ್ಟಿಗೆ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದು, ಅಲ್ಲಿಂದ ಉಗಿ ಪಂಪುಗಳ ಬಲದಲ್ಲಿ ಊರಿಗೆ ಏರುತ್ತಿತ್ತು. ಆ ಕಾಲುವೆಯ ಕಮಾನುಗಳ ಕೆಳಗೆ ಒಮ್ಮೆ ನಿಂತು ಬನ್ನಿ. ನಮ್ಮ ದೇಶದಲ್ಲಿ ಸಿಮೆಂಟ್ ತಯಾರಿಕೆ ಸರಿಯಾಗಿ ನೆಲೆಯೂರಿದ್ದು 1914ರಲ್ಲಿ, ಪೋರಬಂದರಿನಲ್ಲಿ. ಅದಕ್ಕೆ 20 ವರ್ಷ ಮುಂಚಿನ ಕೆಲಸವೆಂದರೆ ಅದನ್ನು ಹಿಡಿದು ನಿಲ್ಲಿಸಿದ್ದು ಸುಣ್ಣ ಎಂದೇ ಲೆಕ್ಕ.

ತೇವದ ನೆಲದ ಮೇಲೆ ನಿಂತ ಇಟ್ಟಿಗೆ ಗೋಡೆ ನೀರು ಕುಡಿಯುತ್ತದೆ. ಕುಡಿಯಲಿ, ಅದರಲ್ಲಿ ಗಾಬರಿ ಇಲ್ಲ. ಕುಡಿದದ್ದು ಆರಬೇಕು, ಅಷ್ಟೆ. ಇಟ್ಟಿಗೆಗಳ ನಡುವಿನ ಸಂದಿಗೆ ತುಂಬುವ ಸುಣ್ಣದ ಗಾರೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ತೇವ ಆ ಸಂದುಗಳಿಂದ ಹೊರಬೀಳುತ್ತದೆ, ಜೊತೆಗೆ ನೆಲದ ಉಪ್ಪೂ ಬರುತ್ತದೆ. ವರ್ಷಾನುಗಟ್ಟಲೆ ಉಪ್ಪು ತಿಂದು ಗಾರೆ ಸವೆಯುತ್ತದೆ, ಕೆರೆದು ಹೊಸದು ತುಂಬುತ್ತೀರಿ. ಅದೇ ಸಂದಿಗೆ ಸಿಮೆಂಟ್ ತುಂಬಿದಿರೋ, ನೀರು ಬೇರೆ ದಾರಿ ಕಾಣದೆ ಇಟ್ಟಿಗೆಯ ಮೂಲಕವೇ ಹೊರಡುತ್ತದೆ. ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ ಅದನ್ನು ಪದರ ಪದರವಾಗಿ ಒಡೆಯುತ್ತದೆ. ಇಡೀ ಗೋಡೆಗೆ ಪ್ಲಾಸ್ಟರ್, ಪೇಂಟ್ ಬಳಿದರೆ ತೇವ ಹೊರಬರಲಾರದೆ ಇನ್ನೂ ಮೇಲಕ್ಕೆ ಹತ್ತುತ್ತದೆ. ಮಣ್ಣಿನ ಹೂಜಿಗೆ ಎನಾಮೆಲ್ ಬಳಿದು, ಯಾಕೆ ಬೆವರುತ್ತಿಲ್ಲ ಅಂತ ಕೇಳಿದ ಹಾಗೆ.

ಇದನ್ನು ಎಷ್ಟು ಸಲ ಹೇಳಿದರೂ ಬರುವ ಪ್ರಶ್ನೆ ಒಂದೇ: “ಆದ್ರೂ ಸಿಮೆಂಟೇ ಗಟ್ಟಿ ಅಲ್ವಾ ಮೇಡಂ?” ಗಟ್ಟಿ ಹೌದು ಸ್ವಾಮಿ. ಗಟ್ಟಿ ಇರುವುದೇ ತೊಂದರೆ.

ಹೋದ ವರ್ಷ ಕೆರೆ ಏರಿ ಪಕ್ಕದ ಒಂದು ಹಳೇ ಅಕ್ಕಿ ಗಿರಣಿಗೆ ಹೋಗಿದ್ದೆ. ಮಾಲೀಕರ ಮಗನಿಗೆ ಅಲ್ಲಿ ಕಾಫಿ ಅಂಗಡಿ ಇಡುವ ಆಸೆ. ಗೋಡೆಯಲ್ಲಿ ನೆಲದಿಂದ ಮೂರಡಿ ಮೇಲೆ ಅಲೆಯಂಥ ಕಲೆ, ಅದರ ಅಂಚಿಗೆ ಹತ್ತಿಯಂತೆ ಬಿಳಿ ಉಪ್ಪು. ಬೆರಳ ಗೆಣ್ಣಿನಿಂದ ತಟ್ಟಿದರೆ ಡಬ್ ಡಬ್ ಎಂದಿತು. ನನ್ನ ಜೊತೆ ಬಂದಿದ್ದ ಮಾಗಡಿ ಕಡೆಯ ತಾತ ಕರಣೆಯ ತುದಿ ಆಡಿಸಿದ್ದೇ ತಡ, ಊಟದ ತಟ್ಟೆಯಷ್ಟು ಪ್ಲಾಸ್ಟರ್ ಕಳಚಿ ಬಿತ್ತು. ಹಿಂದೆ ಇಟ್ಟಿಗೆ ಕುಂಕುಮದ ಹಾಗೆ ಉದುರುತ್ತಿತ್ತು. ಯಾರೋ ಮೊದಲೇ ತುಂಬಿಸಿದ್ದ ಸಿಮೆಂಟ್ ಸಂದುಗಳು ಮಾತ್ರ ಖಾಲಿ ಜೇನುಹುಟ್ಟಿನ ಗೋಡೆಗಳಂತೆ ನಿಂತಿದ್ದವು. ತಾತ ಪುಡಿಯನ್ನು ಅಂಗೈಯಲ್ಲಿ ತಿಕ್ಕಿ, “ಗಾರೆ ಸೋಲ್ಬೇಕು ಕಣಮ್ಮ, ಇಟ್ಟಿಗೆ ಸೋಲ್ಬಾರ್ದು” ಅಂದರು. ಆ ಹುಡುಗನ ಮುಖ ನೋಡಿ ನನಗೇ ಪಾಪ ಅನ್ನಿಸಿತು. ಸಾಲ ಮಾಡಿ ಮಾಡಿಸಿದ್ದ ಪ್ಲಾಸ್ಟರ್ ಅದು.

ಮನೆ ಕಟ್ಟುವವರನ್ನು ಈಗಲೂ ನಾವು ‘ಗಾರೆಯವರು’ ಎಂದೇ ಕರೆಯುತ್ತೇವೆ. ಅವರಲ್ಲಿ ಎಷ್ಟೋ ಜನ ಗಾರೆ ಅರೆಯುವ ಗಾಣವನ್ನೇ ಕಂಡಿಲ್ಲ. ತಪ್ಪು ಅವರದಲ್ಲ, ನಾವು ಕೇಳಲಿಲ್ಲ, ಅವರು ಕಲಿಯಲಿಲ್ಲ.

ಎಲ್ಲಾ ಹಳೇ ಕಟ್ಟಡಕ್ಕೂ ಸುಣ್ಣವೇ ಮದ್ದು ಎಂದು ನಾನು ಹೇಳುತ್ತಿಲ್ಲ. ಸ್ವಾತಂತ್ರ್ಯದ ನಂತರದ ಕಾಂಕ್ರೀಟ್ ಶೆಡ್ಡುಗಳ ಕಾಯಿಲೆಯೇ ಬೇರೆ, ಅಲ್ಲಿ ಕಂಬಿಯ ತುಕ್ಕು ನೋಡಬೇಕು. ಗೋಡೆ ಬಿರುಕು ಬಿಟ್ಟಿದ್ದರೆ, ವಾಲಿದ್ದರೆ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬರಲಿ. ಸುಣ್ಣ, ಮರಳು, ಸುರ್ಕಿಯ (ಇಟ್ಟಿಗೆ ಪುಡಿಯ) ಅಳತೆಯನ್ನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ವಾಟ್ಸಾಪಿನಲ್ಲಿ ಓಡಾಡುತ್ತದೆ. ನಿಮ್ಮ ಗೋಡೆಯದೇ ಹಳೇ ಗಾರೆಯ ತುಣುಕನ್ನು ಪರೀಕ್ಷೆಗೆ ಕಳಿಸಿ, ಅದಕ್ಕೆ ಹೊಂದುವಂತೆ ಕಲಸಬೇಕು. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇಲ್ಲದೆ ಯಾರೂ ಹತ್ತಿರ ಹೋಗಬೇಡಿ.

ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ಹಾಕುವ ಪದ್ಧತಿ ಇತ್ತು, ನಿಜ. ಆದರೆ ಜನಕ್ಕೆ ಅದೇ ಮುಖ್ಯವಾಗಿಬಿಡುತ್ತದೆ. ಒಬ್ಬರು ಯಾವುದೋ ವಿಡಿಯೊ ನೋಡಿ ಗಾರೆಗೆ ಬೆರೆಸಲೆಂದು ಸೈಟಿಗೆ ಎರಡು ಟ್ರೇ ಮೊಟ್ಟೆ ತಂದಿದ್ದರು. ಆಮ್ಲೆಟ್ ಮಾಡಿ ಕೆಲಸದವರಿಗೆ ಕೊಟ್ಟೆವು.

ಗಿರಣಿಯ ಪ್ಲಾಸ್ಟರ್ ಎಲ್ಲಾ ಕೀಳಿಸಿ, ಸುತ್ತ ಚರಂಡಿ ತೆಗೆಸಿ, ಗೋಡೆಯನ್ನು ಬತ್ತಲೆ ಬಿಟ್ಟಿದ್ದೇವೆ. ಒದ್ದೆ ಗೋಡೆ ತಿಂಗಳಿಗೆ ಸುಮಾರು ಒಂದು ಇಂಚು ಒಣಗುತ್ತದೆ ಎಂಬುದು ನಮ್ಮಲ್ಲಿ ಒರಟು ಲೆಕ್ಕ, ಮಳೆ ಬಂದರೆ ಅದೂ ಇಲ್ಲ. 18 ಇಂಚಿನ ಗೋಡೆ, ಎರಡೂ ಕಡೆ ಗಾಳಿ ಇದ್ದರೂ ಒಂಬತ್ತು ತಿಂಗಳು. ಹುಡುಗ ಪ್ರತಿ ತಿಂಗಳ ಮೊದಲ ವಾರ ಫೋನ್ ಮಾಡುತ್ತಾನೆ.

“ಮೇಡಂ, ಒಣಗ್ತಾ?”

“ಇಲ್ಲಪ್ಪ.”

“ಹಂಗಾದ್ರೆ ಬುಡಕ್ಕೆ ಮಾತ್ರ, ಒಂದೇ ಒಂದು ಕೋಟ್ ವಾಟರ್‌ಪ್ರೂಫ್...”