ಪದ ಪರಿಚಯ: ಅಡ್ವೊಕಸಿ, ಅಂದರೆ ಬಡವರಿಗಾಗಿ ಬಜೆಟ್ ಕೇಳುವ ಕೆಲಸ

ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಶುರುವಾದರೆ ಸಾಕು, ಸುವರ್ಣಸೌಧದ ಆಸುಪಾಸು ಟೆಂಟ್ ಬೀಳುತ್ತವೆ. ಕಬ್ಬು ಬೆಳೆಗಾರರು, ಅತಿಥಿ ಉಪನ್ಯಾಸಕರು, ಆಶಾ ಕಾರ್ಯಕರ್ತೆಯರು, ಎಲ್ಲರ ಕೈಯಲ್ಲೂ ಒಂದೊಂದು ಮನವಿ. ಅಡ್ವೊಕಸಿ ಅನ್ನೋದೂ ಹೆಚ್ಚುಕಡಿಮೆ ಇದೇ. ಆದರೆ ಇಲ್ಲಿ ಕೂತವರು ತಮ್ಮ ಪಾಲು ಕೇಳುತ್ತಾರೆ. ನಾನು ಹೇಳಹೊರಟ ಅಡ್ವೊಕಸಿಯಲ್ಲಿ ಕೇಳುವವರೇ ಬೇರೆ, ಪಡೆಯುವವರೇ ಬೇರೆ. ಆಫ್ರಿಕಾದ, ಏಷ್ಯಾದ ಬಡವರಿಗೆ ಬಜೆಟ್‌ನಲ್ಲಿ ದುಡ್ಡು ಇಡಿ ಅಂತ ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರು ತಮ್ಮ ಸರ್ಕಾರಕ್ಕೆ ವರ್ಷಾವರ್ಷ ದುಂಬಾಲು ಬೀಳುತ್ತಾರಲ್ಲ, ಅದು.

ಕ್ಯಾಂಪಿನ ಫಾತಿಮಾ ಕೆಥೆಡ್ರಲ್, 1856ರ ಸೇಂಟ್ ಪಾಲ್ಸ್ ಶಾಲೆ ನೋಡಿ ಬೆಳೆದ ನಮಗೆ ಕ್ಯಾಥೊಲಿಕರು ಅಂದರೆ ಶಾಲೆ, ಆಸ್ಪತ್ರೆ, ಸೇವೆ. ಇವರಿಗ್ಯಾಕೆ ಬಜೆಟ್ ಉಸಾಬರಿ ಅನ್ನಿಸಬಹುದು. ದಾನದ ದುಡ್ಡು ಸಾಲೋದಿಲ್ಲ, ಅಷ್ಟೇ. 1975ರಲ್ಲಿ ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ನಲ್ಲಿ ‘ರೈಸ್ ಬೌಲ್’ ಅಂತ ಒಂದು ಶುರುವಾಯಿತು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಮನೆಮನೆಯಲ್ಲಿ ಒಂದು ರಟ್ಟಿನ ಡಬ್ಬಿ ಇಡುತ್ತಾರೆ, ಊಟ ಕಡಿಮೆ ಮಾಡಿ ಉಳಿಸಿದ ಚಿಲ್ಲರೆ ಅದಕ್ಕೆ ಹಾಕುತ್ತಾರೆ. ಕಾಲುಭಾಗ ಆಯಾ ಧರ್ಮಪ್ರಾಂತ್ಯದಲ್ಲೇ, ಅಂದರೆ ಒಬ್ಬ ಬಿಷಪ್ಪರ ಸುಪರ್ದಿಯ ಪ್ರದೇಶದಲ್ಲೇ ಉಳಿಯುತ್ತದೆ, ಮಿಕ್ಕಿದ್ದು ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್‌ಗೆ, ಅಂದರೆ ಸಿಆರ್‌ಎಸ್‌ಗೆ. ಬಿಷಪ್ಪರೇ 1943ರಲ್ಲಿ ಕಟ್ಟಿದ ಸಂಸ್ಥೆ ಅದು. ಡಬ್ಬಿ ಒಳ್ಳೆಯದೇ. ಆದರೆ ಒಂದು ಇಡೀ ದೇಶದ ಮಲೇರಿಯಾಕ್ಕೆ ಸೊಳ್ಳೆಪರದೆ, ಔಷಧಿ ಅಂತ ಹೊರಟರೆ ಡಬ್ಬಿ ಎಲ್ಲಿಗೆ ಸಾಕು?

ಅದಕ್ಕೇ ಪತ್ರ. ಅಮೆರಿಕದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅದಕ್ಕೆ ಮುಂಚೆ ಬಿಷಪ್ಪರ ಒಕ್ಕೂಟವೂ ಸಿಆರ್‌ಎಸ್ಸೂ ಸೇರಿ ಹಣ ಮಂಜೂರು ಮಾಡುವ ಸಂಸದೀಯ ಸಮಿತಿಗಳಿಗೆ ಬರೆಯುತ್ತವೆ. ಬಡವರಿಗೆ ಸಹಾಯ ಮಾಡಿ ಅಂತ ಸುಮ್ನೆ ಬರೆಯೋದಲ್ಲ, ತಾಯಿ-ಮಗುವಿನ ಆರೋಗ್ಯಕ್ಕೆ ಇಷ್ಟು, ಕ್ಷಯಕ್ಕೆ ಇಷ್ಟು, ನಿರಾಶ್ರಿತರಿಗೆ ಇಷ್ಟು ಅಂತ ಬಾಬ್ತುವಾರು ಲೆಕ್ಕ ಇರುತ್ತದೆ. ಗರ್ಭಪಾತಕ್ಕೆ ಒಂದು ಡಾಲರೂ ಹೋಗಕೂಡದು ಅನ್ನೋ ಷರತ್ತೂ ಜೊತೆಗೇ. ಇದರ ಮೇಲೆ ಚರ್ಚಿನ ಸಾಮಾನ್ಯ ಜನರೂ ತಮ್ಮ ತಮ್ಮ ಸಂಸದರಿಗೆ ಫೋನ್ ಮಾಡಬೇಕು, ಬರೆಯಬೇಕು. ಇಷ್ಟೆಲ್ಲ ಗುದ್ದಾಟ ಎಷ್ಟು ದುಡ್ಡಿಗೆ ಅಂದರೆ, ವಿದೇಶಿ ನೆರವು ಅಲ್ಲಿನ ಕೇಂದ್ರ ಬಜೆಟ್‌ನಲ್ಲಿ ಬಹುಕಾಲದಿಂದ ಶೇ. 1ರ ಆಸುಪಾಸಿನಲ್ಲೇ ಇದ್ದದ್ದು!

ಈ ವಿಚಾರದ ಒಂದು ಬೇರು ನಮ್ಮ ಪಕ್ಕದಲ್ಲೇ ಇದೆ. 1964ರ ಡಿಸೆಂಬರ್‌ನಲ್ಲಿ ಪೋಪ್ ಆರನೇ ಪಾಲ್ ಮುಂಬೈಗೆ ಬಂದಿದ್ದರು. ದೇಶಗಳು ಶಸ್ತ್ರಾಸ್ತ್ರಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲು ತೆಗೆದು ಬಡವರಿಗಾಗಿ ಜಾಗತಿಕ ನಿಧಿ ಮಾಡಿ ಅಂತ ಅಲ್ಲೇ ಕೇಳಿದರು. 1967ರ ತಮ್ಮ ವಿಶ್ವಪತ್ರದಲ್ಲೂ, ಅಂದರೆ ಪೋಪ್ ಇಡೀ ಚರ್ಚಿಗೆ ಬರೆಯುವ ಪತ್ರದಲ್ಲೂ, ಮುಂಬೈಯ ಆ ಮಾತನ್ನು ನೆನಪಿಸಿದರು. ಬಡತನ ನೀಗೋದು ಸರ್ಕಾರಗಳ ಹೊಣೆ ಕೂಡ, ಬರೀ ಭಕ್ತರ ಪುಣ್ಯಕಾರ್ಯವಲ್ಲ ಅನ್ನೋ ನಿಲುವು ಅದು. ನನಗೆ ಇದು ಸರಿ ಅನ್ನಿಸುತ್ತದೆ. ಬರ ಬಿದ್ದಾಗ ದಾನಿಗಳು ಗಂಜಿಕೇಂದ್ರ ತೆರೆದರೂ ಉದ್ಯೋಗ ಖಾತ್ರಿಗೆ ದುಡ್ಡು ಸರ್ಕಾರವೇ ಕೊಡಬೇಕಲ್ವಾ, ಇಂಡಿ, ಸಿಂದಗಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ತೊಡಕೂ ಇದೆ. ಕೇಳುವ ಸಂಸ್ಥೆಯೇ ಆ ದುಡ್ಡಿನಲ್ಲಿ ಕೆಲಸ ಮಾಡುತ್ತದೆ. ಸಿಆರ್‌ಎಸ್‌ನ ಬಜೆಟ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್‌ನಿಂದ ಬರುತ್ತಿತ್ತು. 2025ರಲ್ಲಿ ಟ್ರಂಪ್ ಸರ್ಕಾರ ಆ ಸಂಸ್ಥೆಯನ್ನೇ ಮುಚ್ಚಿದಾಗ ಸಿಆರ್‌ಎಸ್ ನೌಕರರನ್ನು ತೆಗೆಯಬೇಕಾಯಿತು, ಕಾರ್ಯಕ್ರಮ ನಿಲ್ಲಿಸಬೇಕಾಯಿತು. ‘ಇವರು ಕೇಳೋದು ಬಡವರಿಗೋ, ತಮ್ಮ ಸಂಸ್ಥೆಗೋ’ ಅಂತ ಟೀಕಾಕಾರರು ಆಡಿಕೊಳ್ಳೋದು ಇದಕ್ಕೇ. ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕಪತ್ರ ಬಿಚ್ಚಿಟ್ಟು ಉತ್ತರ ಕೊಡಬೇಕೇ ಹೊರತು ಬೇಜಾರು ಮಾಡಿಕೊಂಡರೆ ಆಗದು.

ಇನ್ನೊಂದು, ಅಡ್ವೊಕಸಿ ಅಂದರೆ ಚುನಾವಣಾ ಪ್ರಚಾರ ಅಂದುಕೊಳ್ಳಬೇಡಿ. ತೆರಿಗೆ ವಿನಾಯಿತಿ ಪಡೆದ ಅಲ್ಲಿನ ಧರ್ಮಾರ್ಥ ಸಂಸ್ಥೆಗಳು ಒಂದು ಮಸೂದೆ ಪಾಸು ಮಾಡಿ ಅಂತ ಮಿತಿಯೊಳಗೆ ಒತ್ತಾಯಿಸಬಹುದು. ಇಂಥ ಅಭ್ಯರ್ಥಿಗೇ ಓಟು ಹಾಕಿ ಅಂತ ಪ್ರಚಾರಕ್ಕಿಳಿಯಲು ಕಾನೂನು ಬಿಡುವುದಿಲ್ಲ.